ಮೂರು ಕಿಲೋಮೀಟರ್ ಬೀದಿ, ತೊಂಬತ್ತು ಕೋಟಿ ಡಾಲರ್

90 ಕೋಟಿಯನ್ನು 500ರಿಂದ ಭಾಗಿಸಿ ನೋಡಿ. 18 ಲಕ್ಷ ಬರುತ್ತದೆ. ಅಮೆರಿಕದ ಶಿಕಾಗೋ ನಗರದ 26ನೇ ಬೀದಿಯಲ್ಲಿ ಅಂಗಡಿಯೊಂದು ವರ್ಷಕ್ಕೆ ಸರಾಸರಿ ಮಾಡುತ್ತಿದ್ದ ವ್ಯಾಪಾರವಿದು, ರೂಪಾಯಿಯಲ್ಲ, ಡಾಲರ್. 2015ರ ಸುಮಾರಿಗೆ ಅಲ್ಲಿನ ಪತ್ರಿಕೆಗಳು ಕೊಟ್ಟ ಲೆಕ್ಕದಂತೆ ಆ ಬೀದಿಯ ಉದ್ದ ಎರಡು ಮೈಲಿ, ಅಂದರೆ 3.2 ಕಿಲೋಮೀಟರ್. ಅಂಗಡಿಗಳು 500ರ ಹತ್ತಿರ. ವರ್ಷದ ವಹಿವಾಟು 90 ಕೋಟಿ ಡಾಲರ್. ಅಂದಿನ ವಿನಿಮಯ ದರದಲ್ಲಿ ಅದು 5,700 ಕೋಟಿ ರೂಪಾಯಿಗೂ ಹೆಚ್ಚು. ದಿನಕ್ಕೆ 25 ಲಕ್ಷ ಡಾಲರ್ ಆ ಬೀದಿಯ ಗಲ್ಲಾಪೆಟ್ಟಿಗೆಗಳಿಗೆ ಬೀಳುತ್ತಿತ್ತು. ಬೀದಿಯ ಎರಡೂ ಮಗ್ಗುಲು ಸೇರಿಸಿ ಅಳೆದರೆ ಹದಿಮೂರು ಮೀಟರಿಗೊಂದು ಅಂಗಡಿ.

ಶಿಕಾಗೋದ ಹೆಸರುವಾಸಿ ವ್ಯಾಪಾರದ ಬೀದಿ ಮಿಶಿಗನ್ ಅವೆನ್ಯೂ. ಗಗನಚುಂಬಿಗಳ ಕೆಳಗೆ ಜಗತ್ತಿನ ದುಬಾರಿ ಬ್ರ್ಯಾಂಡುಗಳೆಲ್ಲ ಸಾಲಾಗಿ ನಿಂತ ಜಾಗ. ದೇಶವಿದೇಶದ ಪ್ರವಾಸಿಗರು ಚೀಲ ಹಿಡಿದು ಓಡಾಡುವುದು ಅಲ್ಲೇ. ನಗರದಲ್ಲಿ ಅತಿ ಹೆಚ್ಚು ವಹಿವಾಟು ನಡೆಯುವುದೂ ಅಲ್ಲೇ ಎಂದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಅದಾದಮೇಲೆ ಯಾವುದು? ನಗರದ ಅಧಿಕಾರಿಗಳೂ ವರ್ತಕರೂ ಪತ್ರಿಕೆಗಳೂ ವರ್ಷಗಳಿಂದ ಹೇಳಿಕೊಂಡು ಬಂದಿರುವ ಉತ್ತರ ಒಂದೇ: 26ನೇ ಬೀದಿ. ಅಲ್ಲಿ ಗಗನಚುಂಬಿಗಳಿಲ್ಲ, ಪಂಚತಾರಾ ಹೋಟೆಲುಗಳಿಲ್ಲ. ಸುತ್ತ ವಾಸಿಸುವವರು ಕಾರ್ಖಾನೆ, ಗೋದಾಮು, ಹೋಟೆಲ್ ಅಡುಗೆಮನೆ, ಕಟ್ಟಡದ ಕೆಲಸಕ್ಕೆ ಹೋಗುವ ಜನ. ಅವರ ಮನೆಗಳ ಆದಾಯ ನಗರದ ಸರಾಸರಿಗಿಂತ ಬಹಳ ಕಡಿಮೆ.

ಆ ಬಡಾವಣೆಯ ಹೆಸರು ಲಿಟಲ್ ವಿಲೇಜ್. ಅಲ್ಲಿಯವರ ಬಾಯಲ್ಲಿ ಲಾ ವಿಯೀಟಾ. ಪ್ರತಿ ಐವರಲ್ಲಿ ನಾಲ್ವರಿಗೂ ಹೆಚ್ಚು ಮಂದಿ ಲ್ಯಾಟಿನೋಗಳು, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು, ಅವರಲ್ಲೂ ಬಹುಪಾಲು ಮೆಕ್ಸಿಕೋ ಮೂಲದವರು.

ಸರಾಸರಿಯನ್ನು ನಂಬಿ ಕೆಟ್ಟವರುಂಟು, ಆದ್ದರಿಂದ ಒಂದು ಮಾತು. 90 ಕೋಟಿ ಡಾಲರ್ ಎಲ್ಲ ಅಂಗಡಿಗೂ ಸಮನಾಗಿ ಹಂಚಿಹೋಗುವುದಿಲ್ಲ. ದೊಡ್ಡ ದಿನಸಿ ಸೂಪರ್‌ಮಾರ್ಕೆಟ್ಟುಗಳು ಅದರಲ್ಲಿ ದೊಡ್ಡ ತುತ್ತು ತೆಗೆದುಕೊಳ್ಳುತ್ತವೆ. ಮೂಲೆಯ ಚಮ್ಮಾರ, ಮೊಬೈಲ್ ರಿಪೇರಿಯವನು, ಕ್ಷೌರದಂಗಡಿಯವನು ಆ ಸರಾಸರಿಯ ಹತ್ತಿರಕ್ಕೂ ಬರಲಾರರು. ಆದರೂ ಬೀದಿಗೆ ಜನ ಬರುವುದು ಈ ಚಿಕ್ಕವರ ಸಾಲಿನಿಂದಲೇ ಎಂಬುದು ನನ್ನ ಲೆಕ್ಕ. ಅಕ್ಕಿ ಬೇಳೆ ಎಲ್ಲಿ ಬೇಕಾದರೂ ಸಿಗುತ್ತದೆ. ಮಗಳ ಹದಿನೈದನೆಯ ಹುಟ್ಟುಹಬ್ಬದ ಗೌನು ಎಲ್ಲ ಕಡೆ ಸಿಗುವುದಿಲ್ಲ.

ಆ ಹುಟ್ಟುಹಬ್ಬವನ್ನೇ ತೆಗೆದುಕೊಳ್ಳಿ. ಮೆಕ್ಸಿಕನ್ನರ ಮನೆಯಲ್ಲಿ ಹುಡುಗಿಗೆ ಹದಿನೈದು ತುಂಬಿದರೆ ಕಿನ್ಸೆಯಾನ್ಯೇರಾ ಮಾಡುತ್ತಾರೆ. ಚರ್ಚಿನಲ್ಲಿ ಪೂಜೆ, ಆಮೇಲೆ ಸಭಾಂಗಣದಲ್ಲಿ ಊಟ, ಕುಣಿತ. ಹುಡುಗಿಗೆ ನೆಲ ಗುಡಿಸುವಷ್ಟು ಅಗಲದ ಗೌನು, ತಲೆಗೆ ಕಿರೀಟ. ಜೊತೆಗೆ ಕುಣಿಯುವ ಹುಡುಗರಿಗೆ ಬಾಡಿಗೆ ಸೂಟು. ಅಂತಸ್ತುಗಟ್ಟಲೆ ಎತ್ತರದ ಕೇಕು, ಫೋಟೋ, ವಿಡಿಯೋ, ಹೂವು, ಆಮಂತ್ರಣ ಪತ್ರ, ಮರಿಯಾಚಿ ವಾದ್ಯದವರು, ಉದ್ದನೆಯ ಲಿಮೋಸಿನ್ ಕಾರು. ಖರ್ಚು ಕೆಲವು ಸಾವಿರ ಡಾಲರಿನಿಂದ ಶುರುವಾಗಿ 20 ಸಾವಿರ ದಾಟುವುದೂ ಉಂಟು. ಒಂದು ಹುಡುಗಿಯ ಒಂದು ದಿನ ಎಂದರೆ ಹತ್ತು ಹನ್ನೆರಡು ಅಂಗಡಿಗಳಿಗೆ ಕೆಲಸ, ಮತ್ತು ಆ ಹತ್ತು ಹನ್ನೆರಡೂ 26ನೇ ಬೀದಿಯಲ್ಲೇ ಒಂದರ ಪಕ್ಕ ಒಂದು ಸಿಗುತ್ತವೆ. ಗಾಜಿನ ಹಿಂದೆ ಗುಲಾಬಿ, ನೇರಳೆ, ವೈಡೂರ್ಯದ ಬಣ್ಣದ ಗೌನುಗಳು ಸಾಲಾಗಿ ನಿಂತಿರುತ್ತವೆ. ಪಕ್ಕದ ಇಂಡಿಯಾನಾ, ವಿಸ್ಕಾನ್ಸಿನ್ ರಾಜ್ಯಗಳಿಂದ ಶನಿವಾರ, ಭಾನುವಾರ ಕಾರು ತುಂಬ ಬಂದಿಳಿಯುವ ಸಂಸಾರಗಳು ಗೌನು ನೋಡಿ, ಹೊಟ್ಟೆ ತುಂಬ ತಿಂದು, ತಿಂಗಳ ಸಾಮಾನೂ ಕಟ್ಟಿಸಿಕೊಂಡು ಹೋಗುತ್ತವೆ.

ಬ್ರೆಡ್ ಅಂಗಡಿಗೆ ಹೋದರೆ ಮಾರುವವರು ಏನೂ ಎತ್ತಿಕೊಡುವುದಿಲ್ಲ. ಬಾಗಿಲ ಬಳಿ ದುಂಡನೆಯ ತಗಡಿನ ತಟ್ಟೆ ಮತ್ತು ಇಕ್ಕಳ ಇಟ್ಟಿರುತ್ತಾರೆ. ಗಿರಾಕಿಯೇ ಕಪಾಟುಗಳ ಮುಂದೆ ನಡೆಯುತ್ತ ಚಿಪ್ಪಿನಾಕಾರದ ಕೊಂಚಾ, ಜೋಳದ ಹಿಟ್ಟಿನ ಬಿಸ್ಕತ್ತು, ಕುಂಬಳದ ಹೂರಣ ತುಂಬಿದ ಕಡುಬು ಆರಿಸಿಕೊಂಡು ಕೌಂಟರಿಗೆ ತರಬೇಕು. ಹೊರಗೆ ಕೈಗಾಡಿಯವರು. ಬೆಳಗಿನ ಜಾವ ಬಸ್ಸು ಹಿಡಿಯುವ ಕೂಲಿಯವರಿಗೆ ಜೋಳದ ಹಿಟ್ಟಿನ ಬಿಸಿ ತಮಾಲೆ ಕಡುಬು. ಮಧ್ಯಾಹ್ನದ ಮೇಲೆ ಬೇಯಿಸಿದ ಮುಸುಕಿನ ಜೋಳ: ತೆನೆಯನ್ನು ಕಡ್ಡಿಗೆ ಚುಚ್ಚಿ, ಮೇಯೊನೀಸ್ ಸವರಿ, ಉಪ್ಪುಪ್ಪಾದ ಚೀಸಿನ ಪುಡಿಯಲ್ಲಿ ಹೊರಳಿಸಿ, ಮೇಲೆ ಕೆಂಪು ಮೆಣಸಿನ ಪುಡಿ ಉದುರಿಸಿ, ನಿಂಬೆ ಹಿಂಡಿ ಕೈಗಿಡುತ್ತಾರೆ. ಈ ಗಾಡಿಯವರು ದಶಕಗಟ್ಟಲೆ ಪೊಲೀಸರಿಗೆ ಹೆದರಿಕೊಂಡೇ ವ್ಯಾಪಾರ ಮಾಡಿದರು. ತಳ್ಳುಗಾಡಿಯಲ್ಲಿ ಅಡುಗೆ ತಯಾರಿಸಿ ಮಾರುವುದಕ್ಕೆ ಶಿಕಾಗೋ ನಗರಸಭೆ ಕಾನೂನಿನ ಒಪ್ಪಿಗೆ ಕೊಟ್ಟದ್ದು 2015ರ ಸೆಪ್ಟೆಂಬರಿನಲ್ಲಿ.

ಈಗ ದೊಡ್ಡ ಅಂಕಿಗಳಿಗೆ ಬರೋಣ. 1950ರಲ್ಲಿ ಶಿಕಾಗೋ ಜನಸಂಖ್ಯೆ 36 ಲಕ್ಷ 20 ಸಾವಿರ. 2010ರಲ್ಲಿ 26 ಲಕ್ಷ 95 ಸಾವಿರ. ಅರವತ್ತು ವರ್ಷದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಜನ ಖಾಲಿ. ಬಿಳಿಯರು ಉಪನಗರಗಳಿಗೆ ಹೋದರು. ಕಾರ್ಖಾನೆಗಳೂ ಅವರ ಹಿಂದೆಯೇ ಹೋದವು ಅಥವಾ ಬಾಗಿಲು ಹಾಕಿದವು. 1967ರಿಂದ 1987ರ ನಡುವಿನ ಇಪ್ಪತ್ತೇ ವರ್ಷದಲ್ಲಿ ಶಿಕಾಗೋ ತನ್ನ ಕಾರ್ಖಾನೆ ಕೆಲಸಗಳಲ್ಲಿ ಶೇ. 60ರಷ್ಟನ್ನು ಕಳೆದುಕೊಂಡಿತು; ಸಂಖ್ಯೆಯಲ್ಲಿ ಹೇಳಬೇಕೆಂದರೆ ಮೂರು ಲಕ್ಷಕ್ಕೂ ಹೆಚ್ಚು. ಲಿಟಲ್ ವಿಲೇಜಿನ ಪಕ್ಕದ ಸಿಸೆರೊ ಪಟ್ಟಣದಲ್ಲಿ ಟೆಲಿಫೋನ್ ತಯಾರಿಸುತ್ತಿದ್ದ ಹಾಥಾರ್ನ್ ಕಾರ್ಖಾನೆ ಇತ್ತು. ಏರುಕಾಲದಲ್ಲಿ ಅದರೊಳಗೆ ದುಡಿಯುತ್ತಿದ್ದವರು 40 ಸಾವಿರ ಮಂದಿ. 1983ರಲ್ಲಿ ಅದೂ ಮುಚ್ಚಿತು.

ಬೇರೆ ನಗರಗಳ ಕತೆ ಇನ್ನೂ ಭೀಕರ. ಸೇಂಟ್ ಲೂಯಿಸ್ 1950ರಲ್ಲಿ ಎಂಟೂವರೆ ಲಕ್ಷ ಜನರಿದ್ದ ಊರು, 2020ರಲ್ಲಿ ಮೂರು ಲಕ್ಷ. ಡೆಟ್ರಾಯ್ಟ್ ಹದಿನೆಂಟೂವರೆ ಲಕ್ಷದಿಂದ ಆರು ಲಕ್ಷ ನಲವತ್ತು ಸಾವಿರಕ್ಕೆ ಇಳಿಯಿತು. ಶಿಕಾಗೋ ಆ ಗತಿಗೆ ಬೀಳಲಿಲ್ಲ. ಯಾಕೆ ಎಂಬುದಕ್ಕೆ ಒಂದು ಸರಳ ಕಳೆಯುವ ಲೆಕ್ಕ ಸಾಕು. 2020ರ ಜನಗಣತಿಯಲ್ಲಿ ಶಿಕಾಗೋದ ಒಟ್ಟು ಜನ 27 ಲಕ್ಷ 46 ಸಾವಿರ. ಅವರಲ್ಲಿ ಲ್ಯಾಟಿನೋಗಳು 8 ಲಕ್ಷ 20 ಸಾವಿರದ ಹತ್ತಿರ. ಕಳೆಯಿರಿ: 19 ಲಕ್ಷ ಚಿಲ್ಲರೆ ಉಳಿಯುತ್ತದೆ. 1910ರಲ್ಲೇ ಶಿಕಾಗೋದಲ್ಲಿ 21 ಲಕ್ಷ 85 ಸಾವಿರ ಜನರಿದ್ದರು. ಲ್ಯಾಟಿನೋಗಳು ಬಾರದೇ ಇದ್ದಿದ್ದರೆ ನಗರ ನೂರಹತ್ತು ವರ್ಷ ಹಿಂದಕ್ಕೆ ಹೋಗಿ ನಿಲ್ಲುತ್ತಿತ್ತು.

ಲಿಟಲ್ ವಿಲೇಜ್ ಮೊದಲು ಚೆಕ್ ಜನರ ಬಡಾವಣೆ. 1931ರಲ್ಲಿ ಶಿಕಾಗೋದ ಮೇಯರ್ ಆದ ಆಂಟನ್ ಸರ್ಮ್ಯಾಕ್ ಅಲ್ಲಿಯವನೇ. ಎರಡು ವರ್ಷದ ನಂತರ ಮಯಾಮಿಯಲ್ಲಿ ಅಮೆರಿಕದ ಅಧ್ಯಕ್ಷರಾಗಿ ಆಗಷ್ಟೇ ಆಯ್ಕೆಯಾಗಿದ್ದ ರೂಸ್‌ವೆಲ್ಟರ ಪಕ್ಕದಲ್ಲಿದ್ದಾಗ ಹಾರಿದ ಗುಂಡು ತಗಲಿ ಸತ್ತವನು. 1930ರಲ್ಲಿ 77 ಸಾವಿರದಷ್ಟಿದ್ದ ಬಡಾವಣೆಯ ಜನಸಂಖ್ಯೆ 1960ರ ಹೊತ್ತಿಗೆ 61 ಸಾವಿರಕ್ಕೆ ಇಳಿಯಿತು. ಅದೇ ಹೊತ್ತಿಗೆ ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್ಸಿಗೆಂದು ನಗರದ ನಡುವಣ ಹಳೆಯ ವಸತಿಗಳನ್ನು ಕೆಡವಿದರು. ಅಲ್ಲಿಂದ ಎದ್ದ ಮೆಕ್ಸಿಕನ್ ಕುಟುಂಬಗಳು ಮೊದಲು ಪಿಲ್ಸೆನ್ ಬಡಾವಣೆಗೆ, ಆಮೇಲೆ ಪಶ್ಚಿಮಕ್ಕೆ ಸರಿದು 26ನೇ ಬೀದಿಗೆ ಬಂದವು. 1970ರಲ್ಲಿ ಬಡಾವಣೆಯ ಮೂರನೇ ಒಂದು ಭಾಗ ಅವರು. 1980ರಲ್ಲಿ ನಾಲ್ಕರಲ್ಲಿ ಮೂರು ಭಾಗ. 2000ರ ಹೊತ್ತಿಗೆ ಒಟ್ಟು ಜನಸಂಖ್ಯೆ 91 ಸಾವಿರ! ಚೆಕ್ಕರ ಕಾಲದ 1930ಕ್ಕಿಂತ ಹದಿನಾಲ್ಕು ಸಾವಿರ ಹೆಚ್ಚು. ಹಳೆಯ ಚೆಕ್ ಅಂಗಡಿಗಳ ಕದ ಒಂದೊಂದಾಗಿ ಮುಚ್ಚಿದಂತೆ ಅದೇ ಕದಗಳನ್ನು ಹೊಸಬರು ತೆರೆದರು. 1991ರಲ್ಲಿ ಮೆಕ್ಸಿಕೋದ ಅಧ್ಯಕ್ಷ ಕಾರ್ಲೋಸ್ ಸಲೀನಾಸ್ ಬೀದಿಯ ಬಾಯಲ್ಲಿರುವ ಕಮಾನಿಗೆ ಗಡಿಯಾರ ಕೊಟ್ಟರು. 2022ರಲ್ಲಿ ಆ ಕಮಾನನ್ನೇ ನಗರದ ಸಂರಕ್ಷಿತ ಸ್ಮಾರಕವೆಂದು ಘೋಷಿಸಿದರು.

ದುಡ್ಡು ಎಲ್ಲಿಂದ ಬಂತು? ಬ್ಯಾಂಕಿನವರು ಈ ಜನಕ್ಕೆ ಸಾಲ ಕೊಡಲು ಹಿಂದೆಮುಂದೆ ನೋಡುತ್ತಿದ್ದರು. ಸಾಲದ ಚರಿತ್ರೆ ಇಲ್ಲ, ಆಸ್ತಿ ಇಲ್ಲ, ಎಷ್ಟೋ ಮಂದಿಗೆ ಕಾಗದಪತ್ರವೂ ಇಲ್ಲ. ಅವರು ಮಾಡಿದ್ದು ನಮ್ಮೂರ ಕೈಚೀಟಿಯನ್ನೇ. ಅದಕ್ಕೆ ಅಲ್ಲಿ ತಂದಾ ಎನ್ನುತ್ತಾರೆ. ಹನ್ನೆರಡು ಮಂದಿ ಸೇರಿ ತಿಂಗಳಿಗೆ 500 ಡಾಲರ್ ಹಾಕಿದರು ಎನ್ನಿ. ಪ್ರತಿ ತಿಂಗಳೂ ಒಬ್ಬರ ಕೈಗೆ 6,000 ಡಾಲರ್ ಒಟ್ಟಿಗೆ ಬೀಳುತ್ತದೆ. ಹರಾಜಿನ ಕೂಗು ಇಲ್ಲ, ಬಡ್ಡಿ ಇಲ್ಲ, ಬರೀ ಸರದಿ. ಆ ಆರು ಸಾವಿರದಲ್ಲಿ ಒಬ್ಬ ಹಳೆಯ ಫ್ರಿಜ್ಜು ಕೊಂಡ, ಇನ್ನೊಬ್ಬಳು ಅಂಗಡಿಗೆ ಮುಂಗಡ ಕೊಟ್ಟಳು, ಮತ್ತೊಬ್ಬ ತಳ್ಳುಗಾಡಿ ಬಿಟ್ಟು ಒಳಗೆ ಕೂತ. ಮನೆಯವರೇ ಕೆಲಸದವರು. ಮಕ್ಕಳು ಶಾಲೆ ಮುಗಿಸಿ ಬಂದು ಕೌಂಟರಿನಲ್ಲಿ ನಿಂತು ಇಂಗ್ಲಿಷ್ ಗಿರಾಕಿಗಳನ್ನು ನೋಡಿಕೊಳ್ಳುತ್ತಾರೆ.

ಇವರ ದುಡಿಮೆಯ ಒಂದು ಪಾಲು ಬೀದಿಯ ಹಣ ಕಳಿಸುವ ಅಂಗಡಿಗಳ ಮೂಲಕ ಗಡಿ ದಾಟುತ್ತದೆ. 2023ರಲ್ಲಿ ಮೆಕ್ಸಿಕೋಗೆ ಹೊರದೇಶಗಳಲ್ಲಿ ದುಡಿಯುವ ತನ್ನವರಿಂದ ಬಂದ ಹಣ 6,300 ಕೋಟಿ ಡಾಲರ್. ಬಹುಪಾಲು ಅಮೆರಿಕದಿಂದ. ಹೀಗೆ ಹಣ ತರಿಸಿಕೊಳ್ಳುವ ದೇಶಗಳ ಪಟ್ಟಿಯಲ್ಲಿ ಮೆಕ್ಸಿಕೋ ಎರಡನೆಯದು, ಮೊದಲನೆಯದು ನಾವು.

ಇಷ್ಟೆಲ್ಲ ವ್ಯಾಪಾರದ ಅಂಕಿಗಳಾದವು. ನನ್ನನ್ನು ನಿಜವಾಗಿ ದಂಗುಬಡಿಸಿದ ಅಂಕಿಗಳು ಬೇರೆ.

1995ರ ಜುಲೈ ಎರಡನೆಯ ವಾರ ಶಿಕಾಗೋದಲ್ಲಿ ಬಿಸಿಲು ಕೆರಳಿತು. 13ನೇ ತಾರೀಖು ಮಿಡ್‌ವೇ ವಿಮಾನ ನಿಲ್ದಾಣದಲ್ಲಿ 41 ಡಿಗ್ರಿ. ಕಲಬುರಗಿ, ರಾಯಚೂರಿನವರಿಗೆ ಅದೇನು ಮಹಾ ಅನ್ನಿಸಬಹುದು. ಆದರೆ ಗಾಳಿಯ ತೇವವೂ ಸೇರಿ ಮೈಗೆ ತಾಗಿದ್ದು 50 ಡಿಗ್ರಿಗೂ ಮೇಲಿನ ಧಗೆ. ಮನೆಗಳು ಚಳಿಗೆಂದು ಕಟ್ಟಿದ ಇಟ್ಟಿಗೆ ಗೂಡುಗಳು, ರಾತ್ರಿಯೂ ತಣಿಯಲಿಲ್ಲ. ಹೆಣಗಳನ್ನಿಡಲು ಶವಾಗಾರದಲ್ಲಿ ಜಾಗ ಸಾಲದೆ ಹೊರಗೆ ಶೈತ್ಯ ಲಾರಿಗಳನ್ನು ನಿಲ್ಲಿಸಿದರು. ಒಂದೇ ವಾರದಲ್ಲಿ ಮಾಮೂಲಿಗಿಂತ ಹೆಚ್ಚಾಗಿ ಸತ್ತವರು 739 ಮಂದಿ. ಹೆಚ್ಚಿನವರು ಒಂಟಿಯಾಗಿದ್ದ ಮುದುಕರು. ಕಿಟಕಿ ಬಾಗಿಲು ಭದ್ರ ಮಾಡಿಕೊಂಡು ಒಳಗೇ ಬೆಂದವರು.

ಸಮಾಜಶಾಸ್ತ್ರಜ್ಞ ಎರಿಕ್ ಕ್ಲಿನೆನ್‌ಬರ್ಗ್ ಈ ಸಾವುಗಳನ್ನು ಬಡಾವಣೆವಾರು ಬಿಡಿಸಿ 2002ರಲ್ಲಿ ಪುಸ್ತಕ ಬರೆದರು. ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಅವರು ಎದುರುಬದುರು ಇಟ್ಟು ನೋಡಿದರು: ಕರಿಯರೇ ಹೆಚ್ಚಾಗಿದ್ದ ನಾರ್ತ್ ಲಾನ್‌ಡೇಲ್ ಮತ್ತು ಅದರ ದಕ್ಷಿಣಕ್ಕೆ ಅಂಟಿಕೊಂಡ ಲಿಟಲ್ ವಿಲೇಜ್. ಎರಡೂ ಕಡೆ ಬಡತನವಿತ್ತು. ಒಂಟಿ ಮುದುಕರ ಪ್ರಮಾಣದಲ್ಲೂ ದೊಡ್ಡ ವ್ಯತ್ಯಾಸವಿರಲಿಲ್ಲ. ಬಿಸಿಲು ಒಂದೇ. ಸತ್ತವರು ನಾರ್ತ್ ಲಾನ್‌ಡೇಲ್‌ನಲ್ಲಿ 19, ಲಿಟಲ್ ವಿಲೇಜ್‌ನಲ್ಲಿ 3. ಜನಸಂಖ್ಯೆಗೆ ಹೋಲಿಸಿದರೆ ಅಂತರ ಇನ್ನೂ ಅಗಲ: ಲಕ್ಷಕ್ಕೆ 40 ಒಂದು ಕಡೆ, ಲಕ್ಷಕ್ಕೆ 4ರಷ್ಟೂ ಇಲ್ಲ ಇನ್ನೊಂದು ಕಡೆ. ಹತ್ತು ಪಟ್ಟು! ಇಡೀ ನಗರದಲ್ಲಿ ಲ್ಯಾಟಿನೋಗಳು ಆಗ ನಾಲ್ಕರಲ್ಲಿ ಒಂದು ಭಾಗದ ಹತ್ತಿರವಿದ್ದರು. ಬಿಸಿಲಿಗೆ ಸತ್ತವರಲ್ಲಿ ಅವರ ಪಾಲು ಶೇ. 2.

ಕ್ಲಿನೆನ್‌ಬರ್ಗ್ ಕೊಟ್ಟ ಮುಖ್ಯ ಕಾರಣಗಳಲ್ಲಿ ಒಂದು 26ನೇ ಬೀದಿ. ಜನ ತುಂಬಿದ ಬೀದಿಯಲ್ಲಿ ಮುದುಕರು ಹೊರಗೆ ಕಾಲಿಡಲು ಹೆದರುವುದಿಲ್ಲ. ನಾಲ್ಕು ಹೆಜ್ಜೆಗೆ ಏರ್ ಕಂಡಿಷನ್ ಇರುವ ಅಂಗಡಿ. ಏನೂ ಕೊಳ್ಳದೆ ಅರ್ಧ ಗಂಟೆ ನಿಂತರೂ ಯಾರೂ ಅಟ್ಟುವುದಿಲ್ಲ. ದಿನವೂ ಬರುತ್ತಿದ್ದ ಅಜ್ಜ ಎರಡು ದಿನ ಕಾಣದಿದ್ದರೆ ಅಂಗಡಿಯವರಿಗೆ ಗೊತ್ತಾಗುತ್ತದೆ. ಹಳೆಯ ಬಿಳಿಯ ಮುದುಕರೂ ಆ ಬಡಾವಣೆಯಲ್ಲಿ ಉಳಿದುಕೊಂಡಿದ್ದರು. ಅಂಗಡಿ ಸಾಲು ಅವರನ್ನೂ ಉಳಿಸಿತು ಎಂಬುದು ಕ್ಲಿನೆನ್‌ಬರ್ಗ್ ವಾದ. ಅತ್ತ ನಾರ್ತ್ ಲಾನ್‌ಡೇಲ್ 1960ರಲ್ಲಿ 1 ಲಕ್ಷ 25 ಸಾವಿರ ಜನರಿದ್ದ ಬಡಾವಣೆ, 1990ಕ್ಕೆ 47 ಸಾವಿರ. ಅಂಗಡಿಗಳಿದ್ದಲ್ಲಿ ಖಾಲಿ ನಿವೇಶನ, ಬೀದಿಯಲ್ಲಿ ಭಯ.

ಇದನ್ನು ಓದಿ ‘ಒಂದು ಜನ ಕಷ್ಟಪಟ್ಟರು, ಇನ್ನೊಂದು ಜನ ಪಡಲಿಲ್ಲ’ ಎಂದು ಯಾರಾದರೂ ತೀರ್ಮಾನಿಸಿದರೆ ಅದು ಅನ್ಯಾಯ. ನಾರ್ತ್ ಲಾನ್‌ಡೇಲಿನ ಕರಿಯರಿಗೆ ಬ್ಯಾಂಕುಗಳು ಗೃಹಸಾಲವನ್ನೇ ಕೊಡಲಿಲ್ಲ. ದಲ್ಲಾಳಿಗಳು ದುಪ್ಪಟ್ಟು ಬೆಲೆಗೆ ಕಂತಿನ ಮೇಲೆ ಮನೆ ಮಾರಿ, ಒಂದು ಕಂತು ತಪ್ಪಿದರೆ ಹೊರಗೆ ಹಾಕಿದರು. ಅಲ್ಲೇ ಕೇಂದ್ರ ಕಚೇರಿಯಿದ್ದ ಸಿಯರ್ಸ್ ಕಂಪನಿ ಎಪ್ಪತ್ತರ ದಶಕದಲ್ಲಿ ನಗರದ ನಡುವಣ ತನ್ನ ಹೊಸ ಗೋಪುರಕ್ಕೆ ಎದ್ದುಹೋಯಿತು. 26ನೇ ಬೀದಿಯ ಕಡೆಯ ಬಿಳಿಯರು 1964ರಲ್ಲಿ ಸೌತ್ ಲಾನ್‌ಡೇಲ್ ಎಂಬ ಹೆಸರು ಬಿಟ್ಟು ತಮ್ಮ ಬಡಾವಣೆಯನ್ನು ಲಿಟಲ್ ವಿಲೇಜ್ ಎಂದು ಕರೆದುಕೊಂಡದ್ದೇ ಆ ನೆರೆಯವರ ನೆರಳು ತಮ್ಮ ಮನೆಗಳ ಬೆಲೆಯ ಮೇಲೆ ಬೀಳದಿರಲಿ ಎಂದು. ಕ್ಲಿನೆನ್‌ಬರ್ಗ್ ವಾದಕ್ಕೂ ಆಕ್ಷೇಪ ಬಂದಿದೆ. ಬಡಾವಣೆಯ ಒಟ್ಟು ಅಂಕಿ ಇಟ್ಟುಕೊಂಡು ಸತ್ತ ಒಬ್ಬೊಬ್ಬರ ಕತೆ ಹೇಳಲಾಗದು ಎಂದು ಮಿಚೆಲ್ ಡುನಿಯರ್ ಎಂಬ ಇನ್ನೊಬ್ಬ ಸಮಾಜಶಾಸ್ತ್ರಜ್ಞ 2006ರಲ್ಲಿ ಬರೆದರು. ಆ ಎಚ್ಚರಿಕೆ ಸರಿಯೇ. ಆದರೂ 19 ಮತ್ತು 3ರ ನಡುವಿನ ಕಂದಕ ಮುಚ್ಚುವುದಿಲ್ಲ.

ಅಮೆರಿಕದ ನಗರಗಳು ಮತ್ತೆ ಚಿಗುರಿದ್ದಕ್ಕೆ ಪೇಟೆಗೆ ಮರಳಿದ ವಿದ್ಯಾವಂತ ಯುವಕರು, ಕಲಾವಿದರು, ಸಾಫ್ಟ್‌ವೇರಿನವರು ಕಾರಣ ಎಂಬ ಮಾತು ಈ ಶತಮಾನದ ಮೊದಲ ವರ್ಷಗಳಲ್ಲಿ ಬಹಳ ಚಲಾವಣೆಯಲ್ಲಿತ್ತು. ಇತಿಹಾಸಕಾರ ಎ.ಕೆ. ಸ್ಯಾಂಡೋವಲ್-ಸ್ಟ್ರೌಸ್ 2019ರ ತಮ್ಮ ‘ಬ್ಯಾರಿಯೋ ಅಮೆರಿಕಾ’ ಪುಸ್ತಕದಲ್ಲಿ ಅದನ್ನು ತಲೆಕೆಳಗು ಮಾಡಿದರು. ಶಿಕಾಗೋದ ಲಿಟಲ್ ವಿಲೇಜ್ ಮತ್ತು ಡಾಲಸ್‌ನ ಓಕ್ ಕ್ಲಿಫ್ ಎರಡನ್ನೂ ಅಗೆದು ಅವರು ತೋರಿಸಿದ್ದು, ಕಾಫಿ ಅಂಗಡಿಗಳು ಬರುವ ಎಷ್ಟೋ ಮೊದಲೇ ಲ್ಯಾಟಿನೋ ವಲಸಿಗರು ಖಾಲಿ ಮನೆ ತುಂಬಿ, ಮುಚ್ಚಿದ ಅಂಗಡಿ ತೆರೆದು ನಗರಗಳನ್ನು ಹಿಡಿದು ನಿಲ್ಲಿಸಿದ್ದರು ಎಂದು. ನನಗೆ ಈ ವಾದವೇ ಹೆಚ್ಚು ಒಪ್ಪಿಗೆ, ಏಕೆಂದರೆ ತಾರೀಖುಗಳು ಅದರ ಪರವಾಗಿವೆ.

ಇಡೀ ದೇಶದ ಲೆಕ್ಕ ಹಿಡಿದರೆ ತಲೆ ತಿರುಗುತ್ತದೆ. 2020ರಲ್ಲಿ ಅಮೆರಿಕದ ಲ್ಯಾಟಿನೋಗಳು 6 ಕೋಟಿ 20 ಲಕ್ಷ. 2011ರ ಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಹೆಚ್ಚುಕಡಿಮೆ ಒಂದು ಕರ್ನಾಟಕ. ಈ ಒಂದು ಕರ್ನಾಟಕದಷ್ಟು ಜನ 2021ರಲ್ಲಿ ಉತ್ಪಾದಿಸಿದ ಸಂಪತ್ತು 3.2 ಲಕ್ಷ ಕೋಟಿ ಡಾಲರ್ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞರು ಅಂದಾಜು ಮಾಡಿದ್ದಾರೆ. ಅವರದ್ದೇ ಒಂದು ದೇಶವಾಗಿದ್ದರೆ ಜಗತ್ತಿನ ಐದನೆಯ ದೊಡ್ಡ ಆರ್ಥಿಕತೆ. ಆ ವರ್ಷ 140 ಕೋಟಿ ಜನರ ಭಾರತದ ಜಿಡಿಪಿ ಅದಕ್ಕಿಂತ ಒಂದು ಕೂದಲು ಕಡಿಮೆಯೇ ಇತ್ತು. ಲ್ಯಾಟಿನೋಗಳ ಒಡೆತನದ ಉದ್ಯಮಗಳು ಸುಮಾರು 50 ಲಕ್ಷ. ಅವುಗಳಲ್ಲಿ ಸಂಬಳದ ಕೆಲಸಗಾರರನ್ನು ಇಟ್ಟುಕೊಂಡವು ಹತ್ತರಲ್ಲಿ ಒಂದೂ ಇಲ್ಲ. ಮಿಕ್ಕವೆಲ್ಲ ಒಬ್ಬನೇ ಮಾಲೀಕ, ಅವನೇ ಆಳು.

ಕೊರತೆಗಳನ್ನೂ ಹೇಳಬೇಕು. 1995ರಲ್ಲಿ ಜೀವ ಉಳಿಸಿದ ದಟ್ಟಣೆಯೇ 2020ರಲ್ಲಿ ಮುಳುವಾಯಿತು: ಲಿಟಲ್ ವಿಲೇಜ್ ಇರುವ ಅಂಚೆ ವಲಯ ಆ ವರ್ಷದ ಕೋವಿಡ್ ಮೊದಲ ಅಲೆಯಲ್ಲಿ ಇಲಿನಾಯ್ ರಾಜ್ಯದಲ್ಲೇ ಅತಿ ಹೆಚ್ಚು ಪ್ರಕರಣ ಕಂಡ ಜಾಗಗಳಲ್ಲಿ ಒಂದು. ಇನ್ನೊಂದು ಕಾಟ ಬಾಡಿಗೆಯದು. ಪಕ್ಕದ ಪಿಲ್ಸೆನ್‌ಗೆ ಹಣವಂತರು ಬರತೊಡಗಿದ ಮೇಲೆ 2000ದಿಂದೀಚೆಗೆ 10 ಸಾವಿರಕ್ಕೂ ಹೆಚ್ಚು ಲ್ಯಾಟಿನೋಗಳು ಅಲ್ಲಿಂದ ಜಾಗ ಖಾಲಿ ಮಾಡಿದರು. ಕಮಾನಿನ ಒಳಮಗ್ಗುಲಲ್ಲೇ ಡಿಸ್ಕೌಂಟ್ ಮಾಲ್ ಎಂಬ ಸಂತೆಯಂಥ ಕಟ್ಟಡವಿದೆ. ಬೂಟು, ಹ್ಯಾಟು, ಬೊಂಬೆ, ಚಿನ್ನದ ಸರ ಮಾರುವ ಮಳಿಗೆಗಳು ದಶಕಗಳಿಂದ ಅಲ್ಲಿ ಗಿಜಿಗಿಡುತ್ತಿದ್ದವು. ಕಟ್ಟಡ ಹೊಸ ಮಾಲೀಕರ ಕೈಗೆ ಹೋಗಿ, 2023ರಲ್ಲಿ ಎಷ್ಟೋ ಮಳಿಗೆಯವರು ಗಂಟುಮೂಟೆ ಕಟ್ಟಬೇಕಾಯಿತು. ಬಡಾವಣೆಯ ಜನಸಂಖ್ಯೆ 91 ಸಾವಿರದಿಂದ 2020ರಲ್ಲಿ 71 ಸಾವಿರಕ್ಕೆ ಬಂದಿದೆ. ಮಕ್ಕಳು ಓದಿ, ಮನೆ ಕೊಂಡು ಸಿಸೆರೊ, ಬರ್ವಿನ್‌ಗಳಿಗೆ ಹೋಗುತ್ತಿದ್ದಾರೆ.

2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಶಿಕಾಗೋದಲ್ಲಿ ವಲಸಿಗರ ಮೇಲೆ ದೊಡ್ಡ ಕಾರ್ಯಾಚರಣೆ ಶುರು ಮಾಡಿತು. ಅಕ್ಟೋಬರಿನಲ್ಲಿ ಮುಖಗವಸು ತೊಟ್ಟ ಅಧಿಕಾರಿಗಳು ಲಿಟಲ್ ವಿಲೇಜಿನಲ್ಲೇ ಅಶ್ರುವಾಯು ಸಿಡಿಸಿದರು. ಕಾಗದಪತ್ರ ಸರಿಯಿದ್ದವರೂ ಮನೆಯಿಂದ ಹೊರಬರಲು ಹೆದರಿದರು, ಗಾಡಿಯವರು ಗಾಡಿ ಒಳಗಿಟ್ಟರು, ಅಂಗಡಿಗಳ ವ್ಯಾಪಾರ ಬಿದ್ದುಹೋಯಿತು. ಹದಿಮೂರು ಮೀಟರಿಗೊಂದು ಅಂಗಡಿ ಕಟ್ಟಲು ಐವತ್ತು ವರ್ಷ ಬೇಕಾಯಿತು. ಬೀದಿ ಖಾಲಿ ಮಾಡಿಸಲು ಕೆಲವೇ ವಾರ ಸಾಕಾಯಿತು.

ಶಿಕಾಗೋಗೆ ಹೋಗುವ ಕನ್ನಡಿಗರು ಸಾಮಾನ್ಯವಾಗಿ ಗೋಪುರ ಹತ್ತಿ, ಸರೋವರ ನೋಡಿ, ಡೆವನ್ ಅವೆನ್ಯೂನಲ್ಲಿ ಸೀರೆ, ಸಾಂಬಾರು ಪುಡಿ ಕೊಂಡು ಮರಳುತ್ತಾರೆ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು 60ನೇ ನಂಬರ್ ಬಸ್ ಹಿಡಿದು 26ನೇ ಬೀದಿಗೆ ಹೋಗಿ ಬನ್ನಿ. ಜೇಬಿನಲ್ಲಿ ಚಿಲ್ಲರೆ ನೋಟು ಇರಲಿ. ಜೋಳದ ಗಾಡಿಯ ಬಳಿ ಕಾರ್ಡು ನಡೆದೀತೆಂಬ ಭರವಸೆ ಬೇಡ.